ಹುಂಜವೋ, ಹೇಂಟೆಯೋ? ಬೆಳೆಯುವ ಕೋಳಿಮರಿಗಳ ಗುರುತು

ನಾಲ್ಕು ವರ್ಷಗಳ ಹಿಂದಿನ ಮಾತು. ನಮ್ಮ ನೆರೆಮನೆಯ ಅಕ್ಕ ಬೀದಿಯಲ್ಲಿ ಬಂದ ಮಾರಾಟಗಾರನಿಂದ ಹನ್ನೆರಡು ಕೋಳಿಮರಿಗಳನ್ನು ಕೊಂಡರು. ಕೆಲವಕ್ಕೆ ಗುಲಾಬಿ ಬಣ್ಣ, ಕೆಲವಕ್ಕೆ ಹಸುರು. ಮಕ್ಕಳು ಮರುಳಾಗುವಂತಹ ಅಂದ. ಅಕ್ಕನ ಲೆಕ್ಕ ಬೇರೆಯಾಗಿತ್ತು. ಅರ್ಧದಷ್ಟಾದರೂ ಹೇಂಟೆಗಳಾದರೆ ಆರು ತಿಂಗಳಲ್ಲಿ ಮನೆಯಲ್ಲಿ ಮೊಟ್ಟೆಯಾಗುತ್ತದೆ, ಮಿಕ್ಕುದನ್ನು ಮಾರಿದರೆ ಮಗಳ ಪುಸ್ತಕದ ಖರ್ಚಿಗಾಗುತ್ತದೆ ಎಂಬುದು ಅವರ ಎಣಿಕೆ. ಎರಡು ಮರಿಗಳು ಚಳಿಗೆ ಸತ್ತವು. ಒಂದನ್ನು ಗಿಡುಗ ಒಯ್ದಿತು. ಉಳಿದ ಒಂಬತ್ತಕ್ಕೆ ನುಚ್ಚು, ತೌಡು, ಎಂಜಲನ್ನ ಹಾಕಿ ಅಕ್ಕ ಮಕ್ಕಳಂತೆ ಸಾಕಿದರು. ನಾಲ್ಕನೆಯ ತಿಂಗಳ ಒಂದು ನಸುಕಿನಲ್ಲಿ ಒಂದು ಕೂಗಿತು. ಮರುದಿನ ಇನ್ನೊಂದು ಉತ್ತರ ಕೊಟ್ಟಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಒಂಬತ್ತೂ ಕೂಗತೊಡಗಿದವು. ಅಕ್ಕ ಮೊದಲು ನಕ್ಕರು, ಆಮೇಲೆ ನಮ್ಮ ಜಗಲಿಯಲ್ಲಿ ಬಂದು ಕುಳಿತು, “ಒಂದಾದರೂ ಹೇಂಟೆ ಇರಬಾರದಿತ್ತೇ ದೊಡ್ಡಮ್ಮಾ?” ಎಂದು ನನ್ನ ತಾಯಿಯನ್ನು ಕೇಳಿದರು.

ತಾಯಿಗೆ ಈ ಪ್ರಶ್ನೆ ಹೊಸದಲ್ಲ. ಅವರ ನೆನಪಿನಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ನೋವೂ ಇದೆ. ನಾನು ಚಿಕ್ಕವನಿದ್ದಾಗ ಅನಿರೀಕ್ಷಿತವಾಗಿ ನೆಂಟರು ಬಂದರು. ಹಿತ್ತಲಲ್ಲಿದ್ದ, ಉದ್ದ ಕಾಲಿನ, ಎದೆಯುಬ್ಬಿಸಿ ನಡೆಯುವ ಕೋಳಿಯೊಂದನ್ನು ಹುಂಜವೆಂದೇ ನಂಬಿ ಕೊಯ್ದರು. ಒಳಗೆ ನೋಡಿದರೆ ದ್ರಾಕ್ಷಿಗೊಂಚಲಿನಂತೆ ಹಳದಿ ಬಣ್ಣದ ಮೊಟ್ಟೆಯ ಎಳಸುಗಳು, ಸಾಸಿವೆ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗೆ ಒಂದರ ಬೆನ್ನಿಗೆ ಒಂದು. ಇನ್ನು ಕೆಲವೇ ದಿನಗಳಲ್ಲಿ ಮೊಟ್ಟೆಯಿಡಬೇಕಾಗಿದ್ದ ಹೇಂಟೆ ಅದು. ಆ ರಾತ್ರಿ ತಾಯಿ ಉಣ್ಣಲಿಲ್ಲ.

ಮರಿ ಯಾವುದು, ಗಂಡೋ ಹೆಣ್ಣೋ ಎಂಬುದು ನಗೆಯ ವಿಷಯವೆಂದು ತೋರಿದರೂ ಬಡ ಗೃಹಿಣಿಯ ಪಾಲಿಗೆ ಅದು ಲಾಭನಷ್ಟದ ಮಾತು. ಹುಂಜವನ್ನು ಹೇಂಟೆಯೆಂದು ಸಾಕಿದರೆ ಮೇವು ವ್ಯರ್ಥ. ಹೇಂಟೆಯನ್ನು ಹುಂಜವೆಂದು ಮಾರಿದರೆ ಮುಂದಿನ ಮೊಟ್ಟೆಗಳೂ ಸಂತಾನವೂ ವ್ಯರ್ಥ. ಆದುದರಿಂದ ಈ ಗುರುತುಗಳನ್ನು ಕ್ರಮವಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಗಡಿಯ ಈಚೆ ಬದುಕುವ ನಮಗೆ ಹೆಸರುಗಳ ಕೊರತೆಯಂತೂ ಇಲ್ಲ. ಕನ್ನಡದ ಹುಂಜ, ಹೇಂಟೆ. ತುಳುವಿನ ಪುಂಜ, ಪೆರಡೆ. ಮಲಯಾಳದ ಪೂವನ್, ಪಿಡ. ತಮಿಳಿನ ಸೇವಲ್, ಪೆಟ್ಟೈ. ತೆಲುಗಿನ ಪುಂಜು, ಪೆಟ್ಟ. ಮರಾಠಿಯ ಕೋಂಬಡಾ, ಕೋಂಬಡಿ. ಮೊಟ್ಟೆಯಿಡಲು ತೊಡಗದ ಎಳೆಯ ಹೆಣ್ಣಿಗೆ ಮರಾಠಿಯವರು ತಲಂಗ ಎಂಬ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಹೆಸರು ಎಷ್ಟಿದ್ದರೇನು, ಮರಿಯ ಮುಂದೆ ನಿಂತಾಗ ಎಲ್ಲ ಭಾಷೆಯವರ ಸಂದೇಹವೂ ಒಂದೇ.

ಮೊಟ್ಟೆ ನೋಡಿ ಹೇಳಬಹುದೇ?

ಚೂಪಾದ ಮೊಟ್ಟೆಯಿಂದ ಹುಂಜ, ದುಂಡನೆಯ ಮೊಟ್ಟೆಯಿಂದ ಹೇಂಟೆ ಎಂಬ ಮಾತನ್ನು ನಮ್ಮ ಅಜ್ಜಿಯಂದಿರ ಬಾಯಲ್ಲಿ ಕೇಳಿದ್ದೇವೆ. ಈ ನಂಬಿಕೆ ಬಹಳ ಹಳೆಯದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮಿನಲ್ಲಿ ಕೃಷಿಯ ಬಗ್ಗೆ ಬರೆದ ಕೊಲುಮೆಲ್ಲನೂ ಇದನ್ನೇ ಹೇಳಿದ್ದಾನೆ. ಆದರೆ ಅವನಿಗಿಂತ ಹಿಂದಿನ ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಮಾತಿದೆ: ಉದ್ದವಾದ ಚೂಪು ಮೊಟ್ಟೆ ಹೆಣ್ಣು, ದುಂಡನೆಯದು ಗಂಡು. ಇಬ್ಬರು ಪಂಡಿತರು ಒಂದೇ ಮೊಟ್ಟೆಯನ್ನು ನೋಡಿ ಎರಡು ಫಲ ಹೇಳಿದರೆಂದ ಮೇಲೆ ಆ ಶಾಸ್ತ್ರದ ಬೆಲೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಮೊಟ್ಟೆಯ ಆಕಾರವು ಅದನ್ನು ಇಟ್ಟ ಹೇಂಟೆಯ ದೇಹರಚನೆಯಿಂದ ಬರುವುದೇ ಹೊರತು ಒಳಗಿನ ಮರಿಯಿಂದಲ್ಲ. ದಾರಕ್ಕೆ ಕಟ್ಟಿದ ಉಂಗುರವನ್ನು ಮೊಟ್ಟೆಯ ಮೇಲೆ ತೂಗಿಸುವುದು, ಮರಿಯನ್ನು ತಲೆಕೆಳಗಾಗಿ ಹಿಡಿದು ಅದು ಒದ್ದಾಡುವ ಬಗೆಯನ್ನು ನೋಡುವುದು, ಇವೆಲ್ಲವೂ ನಾಣ್ಯ ಚಿಮ್ಮಿದಷ್ಟೇ ನಿಶ್ಚಿತ. ಹತ್ತು ಸಲ ಹೇಳಿದರೆ ಸುಮಾರು ಐದು ಸಲ ಸರಿಯಾಗುತ್ತದೆ. ಆ ಐದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ.

ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ರೂಪುಗೊಳ್ಳುವ ವೇಳೆಗಾಗಲೇ ನಿಶ್ಚಯವಾಗಿರುತ್ತದೆ. ಮನುಷ್ಯರಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವ ವರ್ಣತಂತು ತಂದೆಯಿಂದ ಬರುವಂತಹುದು. ಕೋಳಿಗಳಲ್ಲಿ ಅದು ತಾಯಿಯಿಂದ ಬರುತ್ತದೆ. ಹೆಣ್ಣು ಹೆತ್ತಳೆಂದು ಸೊಸೆಯನ್ನು ಹಳಿಯುವ ಮನೆಗಳು ಇಂದಿಗೂ ಇವೆ. ಆ ದೂರನ್ನು ಹೇಂಟೆಯ ಮೇಲೆ ಹೊರಿಸಿದರೆ ಅದಕ್ಕೊಂದು ಅರ್ಥವಿದೆ, ಸೊಸೆಯ ಮೇಲೆ ಹೊರಿಸುವುದಕ್ಕೆ ಯಾವ ಅರ್ಥವೂ ಇಲ್ಲ.

ಒಂದು ದಿನದ ಮರಿ

ಒಡೆದ ದಿನವೇ ಮರಿಯನ್ನು ಗುರುತಿಸುವ ವಿದ್ಯೆಯೊಂದಿದೆ. ಮರಿಯ ಗುದದ್ವಾರವನ್ನು ಮೃದುವಾಗಿ ಅರಳಿಸಿ, ಒಳಗಿರುವ ಸಾಸಿವೆಗಿಂತ ಚಿಕ್ಕದಾದ ಗುಬಟನ್ನು ನೋಡಿ ನಿರ್ಣಯಿಸುವ ಕ್ರಮವದು. ಇದನ್ನು ಶಾಸ್ತ್ರೀಯವಾಗಿ ರೂಪಿಸಿದವರು ಜಪಾನಿನ ಮಸುಯಿ ಮತ್ತು ಹಾಶಿಮೊಟೊ ಎಂಬ ವಿದ್ವಾಂಸರು. 1927ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ವಿಶ್ವ ಕುಕ್ಕುಟ ಸಮ್ಮೇಳನದಲ್ಲಿ ಈ ವಿಷಯ ಹೊರಲೋಕಕ್ಕೆ ತಿಳಿದುಬಂತು. ಇದರಲ್ಲಿ ನುರಿತವರು ಗಂಟೆಗೆ ನೂರಾರು ಮರಿಗಳನ್ನು ಬೇರ್ಪಡಿಸಬಲ್ಲರು. ಆದರೆ ದೀರ್ಘಕಾಲದ ಅಭ್ಯಾಸವಿಲ್ಲದವರು ಈ ಪ್ರಯೋಗಕ್ಕೆ ಕೈಹಾಕಬಾರದು. ಎಳೆಯ ಮರಿಯ ಕರುಳಿಗೆ ಪೆಟ್ಟಾಗಿ ಅದು ಸಾಯುವುದುಂಟು.

ಕೆಲವು ವಿಶಿಷ್ಟ ಸಂಕರಗಳಲ್ಲಿ ಹೆಣ್ಣುಮರಿಯ ರೆಕ್ಕೆಯ ಗರಿಗಳು ಗಂಡಿಗಿಂತ ಬೇಗ ಉದ್ದವಾಗುತ್ತವೆ. ಬೇರೆ ಕೆಲವು ಸಂಕರಗಳಲ್ಲಿ ಹೆಣ್ಣು ಕಂದು, ಗಂಡು ಬಿಳಿಚು ಬಣ್ಣದಲ್ಲಿ ಹುಟ್ಟುತ್ತದೆ. ತಂದೆ ತಾಯಿಯರ ತಳಿಯನ್ನು ಲೆಕ್ಕಹಾಕಿ ಕೂಡಿಸಿದಾಗ ಮಾತ್ರ ಈ ಗುರುತುಗಳು ಸಲ್ಲುತ್ತವೆ. ನಮ್ಮ ಹಿತ್ತಲಿನ ನಾಟಿಕೋಳಿಯ ಮರಿಗಳಿಗೆ ಇವುಗಳನ್ನು ಅನ್ವಯಿಸಲಾಗದು.

ಅಕ್ಕನ ಬಣ್ಣದ ಮರಿಗಳ ಗುಟ್ಟು ಇರುವುದು ಇಲ್ಲಿಯೇ. ಮೊಟ್ಟೆಗಾಗಿ ಬೆಳೆಸಿದ ತಳಿಯಲ್ಲಿ ಗಂಡುಮರಿ ಮೊಟ್ಟೆಯಿಡುವುದಿಲ್ಲ, ಮಾಂಸವನ್ನೂ ಬೇಗ ತುಂಬಿಕೊಳ್ಳುವುದಿಲ್ಲ. ಆದುದರಿಂದ ಮರಿ ಮಾಡಿಸುವ ದೊಡ್ಡ ಕೇಂದ್ರಗಳಲ್ಲಿ ಅವುಗಳನ್ನು ಮೊದಲ ದಿನವೇ ಬೇರ್ಪಡಿಸಿ ಕೊಲ್ಲುತ್ತಾರೆ, ಇಲ್ಲವೇ ಅಗ್ಗಕ್ಕೆ ಮಾರುತ್ತಾರೆ. ಹಾಗೆ ಬಂದ ಮರಿಗಳಿಗೇ ಬಣ್ಣ ಹಚ್ಚಿ ಸಂತೆ ಜಾತ್ರೆಗಳಲ್ಲಿ ಮಾರುವುದು ಸಾಮಾನ್ಯ. ಬಣ್ಣದ ಮರಿಯನ್ನು ಮೊಟ್ಟೆಯ ಆಸೆಯಿಂದ ಕೊಳ್ಳಬಾರದು. ಜರ್ಮನಿಯಲ್ಲಿ 2022ರ ಜನವರಿ 1ರಿಂದ ಗಂಡುಮರಿಗಳನ್ನು ಹೀಗೆ ಕೊಲ್ಲುವುದನ್ನು ಕಾನೂನಿನಿಂದಲೇ ನಿಷೇಧಿಸಲಾಗಿದೆ. ಕಾವಿನಲ್ಲಿರುವಾಗಲೇ ಮೊಟ್ಟೆಯನ್ನು ಪರೀಕ್ಷಿಸಿ ಗಂಡುಹೆಣ್ಣು ತಿಳಿಯುವ ಯಂತ್ರಗಳು ಅಲ್ಲಿ ಬಳಕೆಗೆ ಬಂದಿವೆ.

ಮೊದಲ ಸಾಕ್ಷಿ ಜುಟ್ಟು

ಮನೆಯಲ್ಲಿ ಸಾಕುವವರಿಗೆ ಕಾಲವೇ ಗುರು. ಮೊದಲ ಮೂರು ವಾರ ಸುಮ್ಮನಿರುವುದೇ ಲೇಸು. ನಾಲ್ಕನೆಯ ವಾರದಿಂದ ಆರನೆಯ ವಾರದೊಳಗೆ ಮರಿಗಳ ಜುಟ್ಟನ್ನು ಗಮನಿಸಿರಿ. ಗಂಡುಮರಿಯ ಜುಟ್ಟು ಬೇಗ ದಪ್ಪವಾಗಿ ಅಗಲವಾಗಿ ಗುಲಾಬಿ ಬಣ್ಣಕ್ಕೂ ಅನಂತರ ಕೆಂಪಿಗೂ ತಿರುಗುತ್ತದೆ. ಗದ್ದದ ಕೆಳಗಿನ ಜೋಲೂ ಕಾಣತೊಡಗುತ್ತದೆ. ಹೆಣ್ಣುಮರಿಯ ಜುಟ್ಟು ಚಿಕ್ಕದಾಗಿ, ಬಿಳಿಚು ಹಳದಿಯಾಗಿ, ಬಹುಕಾಲ ಹಾಗೆಯೇ ಇರುತ್ತದೆ.

ಇಲ್ಲಿ ಎರಡು ಎಚ್ಚರಿಕೆ ಬೇಕು. ಒಂದೇ ಕಾವಿನ, ಒಂದೇ ತಳಿಯ ಮರಿಗಳನ್ನು ಮಾತ್ರ ಪರಸ್ಪರ ಹೋಲಿಸಬೇಕು. ಬಿಳಿ ಲೆಗ್‌ಹಾರ್ನ್ ತಳಿಯಲ್ಲಿ ಹೆಣ್ಣಿಗೂ ದೊಡ್ಡ ಜುಟ್ಟಿರುತ್ತದೆ. ಅದನ್ನು ನಾಟಿ ಹುಂಜದ ಪಕ್ಕದಲ್ಲಿಟ್ಟು ನೋಡಿದರೆ ತಪ್ಪುವುದು ಖಂಡಿತ. ಅಸೀಲ್ ಮೊದಲಾದ ಕಾಳಗದ ತಳಿಗಳಲ್ಲಿ ಬಟಾಣಿಯಂತಹ ಗಿಡ್ಡ ಜುಟ್ಟು. ಗಂಡಿನಲ್ಲಿಯೂ ಅದು ದೊಡ್ಡದಾಗುವುದಿಲ್ಲ. ಇತ್ತೀಚೆಗೆ ನಮ್ಮ ಕಡೆಯೂ ಹಲವರು ಸಾಕುವ ಮಧ್ಯಪ್ರದೇಶದ ಕಡಕ್‌ನಾಥ್ ತಳಿಯಲ್ಲಿ ಜುಟ್ಟೇ ಕಪ್ಪು ಛಾಯೆಯದು; ಅಲ್ಲಿ ಬಣ್ಣಕ್ಕಿಂತ ಗಾತ್ರವನ್ನು ನೋಡಬೇಕು. ಎರಡನೆಯ ಎಚ್ಚರಿಕೆಯೆಂದರೆ ಒಂದೇ ದಿನ ನೋಡಿ ತೀರ್ಪು ಕೊಡಬಾರದು. ವಾರಕ್ಕೊಮ್ಮೆ ನೋಡುತ್ತಾ, ಸಂದೇಹವಿರುವ ಮರಿಯ ಕಾಲಿಗೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿ ಗುರುತಿಟ್ಟುಕೊಳ್ಳಬೇಕು. ಕಾಲು ದಪ್ಪವಾದಂತೆ ನೂಲನ್ನು ಬದಲಿಸುವುದನ್ನು ಮರೆಯಬಾರದು.

ನಂಬತಕ್ಕ ಸಾಕ್ಷಿ ಗರಿ

ಐದಾರು ವಾರಗಳ ಹೊತ್ತಿಗೆ ಹೆಣ್ಣುಮರಿಗಳ ಮೈತುಂಬ ಗರಿ ಒಪ್ಪವಾಗಿ ಮೂಡಿರುತ್ತದೆ, ಗಿಡ್ಡ ಬಾಲವೂ ಬಂದಿರುತ್ತದೆ. ಗಂಡುಮರಿಗಳ ಬೆನ್ನಿನ ಮೇಲೆ, ಭುಜದ ಬಳಿಯಲ್ಲಿ ಚರ್ಮ ಕಾಣುತ್ತಿರುತ್ತದೆ. ಬಾಲ ತಡವಾಗಿ ಬರುತ್ತದೆ. ಬೇಗ ಬಟ್ಟೆ ತೊಟ್ಟುಕೊಂಡವಳು ಹೆಣ್ಣು, ಹರಕು ಅಂಗಿಯಲ್ಲಿ ಓಡಾಡುವವನು ಗಂಡು ಎಂದು ತಾಯಿ ನಗುತ್ತಾ ಹೇಳುವುದುಂಟು.

ನಮ್ಮ ನಾಟಿಕೋಳಿಗಳಲ್ಲಿ ಕಾಡುಕೋಳಿಯ ಮೂಲಬಣ್ಣ ಹಲವಕ್ಕೆ ಉಳಿದಿದೆ. ಅಂತಹ ಮರಿಗಳು ಒಡೆದಾಗ ಬೆನ್ನಿನ ಮೇಲೆ ಅಳಿಲಿನಂತೆ ಗೆರೆಗಳಿರುತ್ತವೆ. ಆಗ ಗಂಡುಹೆಣ್ಣುಗಳ ವ್ಯತ್ಯಾಸ ತಿಳಿಯದು. ಎಂಟನೆಯ ವಾರದ ಸುಮಾರಿಗೆ ಗಂಡಿನ ಎದೆಯಲ್ಲಿ ಕಪ್ಪು ಗರಿಗಳು ಬರುತ್ತವೆ. ಹೆಣ್ಣಿನ ಎದೆ ನಸುಗೆಂಪು ಕಂದು ಬಣ್ಣದಲ್ಲಿಯೇ ಉಳಿಯುತ್ತದೆ. ಇದು ಬಹಳ ಉಪಯುಕ್ತವಾದ ಗುರುತು.

ಎಲ್ಲ ಬಣ್ಣದ ಕೋಳಿಗಳಿಗೂ ಒಪ್ಪುವ ಗುರುತು ಬೇಕಾದರೆ ಮೂರನೆಯ ತಿಂಗಳವರೆಗೆ ಕಾಯಬೇಕು. ಕೋಳಿಯನ್ನು ಹಿಡಿದು ಬಾಲದ ಬುಡಕ್ಕೆ ಮುಂದಿರುವ ಸೊಂಟದ ಗರಿಗಳನ್ನು ಬೆರಳಿನಿಂದ ಬಿಡಿಸಿ ನೋಡಿರಿ. ಗಂಡಾದರೆ ಅಲ್ಲಿ ಸಪೂರವಾದ, ಉದ್ದವಾದ, ತುದಿ ಚೂಪಾದ, ಹೊಳೆಯುವ ಗರಿಗಳು ಹುಟ್ಟುತ್ತಿರುತ್ತವೆ. ಹೆಣ್ಣಾದರೆ ಗರಿಯ ತುದಿ ವೀಳ್ಯದೆಲೆಯ ಅಂಚಿನಂತೆ ದುಂಡಗಿರುತ್ತದೆ. ಕೊರಳಿನ ಗರಿಗಳಲ್ಲಿಯೂ ಇದೇ ವ್ಯತ್ಯಾಸ. ಮುಂದೆ ಹುಂಜದ ಬಾಲದಲ್ಲಿ ಕುಡುಗೋಲಿನಂತೆ ಬಾಗಿದ ಉದ್ದನೆಯ ಗರಿಗಳು ಬರುತ್ತವೆ. ಸೊಂಟದ ಗರಿ ಚೂಪಾಗಿದ್ದರೆ ಮತ್ತೆ ಸಂದೇಹಪಡಬೇಕಾದ ಸಂದರ್ಭ ತೀರಾ ಅಪರೂಪ.

ಕೇರಳದಲ್ಲಿ ಪಂಚಾಯತುಗಳ ಮೂಲಕ ಮನೆಮನೆಗೆ ಒಂದೂವರೆ ಎರಡು ತಿಂಗಳ ಹೇಂಟೆಮರಿಗಳನ್ನು ಹಂಚುವ ಕ್ರಮವಿದೆ. ಮರಿಗಳನ್ನು ತೆಗೆದುಕೊಳ್ಳುವಾಗ ಜುಟ್ಟಿನ ಗಾತ್ರ, ಎದೆಯ ಬಣ್ಣ, ಬೆನ್ನಿನ ಗರಿ ಈ ಮೂರನ್ನೂ ಅಲ್ಲಿಯೇ ನೋಡಿ ತರುವುದು ನಮ್ಮ ಸೋದರಿಯರಿಗೆ ಹಿತ.

ಜುಟ್ಟು ಒಂದು ಹೇಳುವುದು, ಗರಿ ಇನ್ನೊಂದು

ಈ ಎರಡು ಗುರುತುಗಳ ಹಿಂದೆ ಎರಡು ಬೇರೆ ಕಾರಣಗಳಿವೆ. 1849ರಲ್ಲಿ ಜರ್ಮನಿಯ ಗಾಟಿಂಗನ್ನಿನಲ್ಲಿ ಬರ್ತೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ಬೀಜಗಳನ್ನು ತೆಗೆದು ಪರೀಕ್ಷಿಸಿದ. ಬೀಜ ತೆಗೆದ ಹುಂಜದ ಜುಟ್ಟು ಬೆಳೆಯಲಿಲ್ಲ. ಅದು ಕೂಗಲೂ ಇಲ್ಲ, ಕಾದಾಡಲೂ ಇಲ್ಲ. ಅದೇ ಬೀಜವನ್ನು ಹೊಟ್ಟೆಯೊಳಗೆ ಬೇರೆಡೆಯಲ್ಲಿ ನೆಟ್ಟಾಗ ಜುಟ್ಟೂ ಕೂಗೂ ಮರಳಿ ಬಂದವು. ರಕ್ತದಲ್ಲಿ ಸೇರಿ ಹರಿಯುವ ಯಾವುದೋ ಒಂದು ರಸವೇ ಇದಕ್ಕೆ ಕಾರಣವೆಂದು ಅವನು ತೀರ್ಮಾನಿಸಿದ. ಇಂದು ನಾವು ಹಾರ್ಮೋನು ಎಂದು ಕರೆಯುವುದರ ಅರಿವಿಗೆ ಕೋಳಿಯ ಜುಟ್ಟೇ ದಾರಿ ತೋರಿತು.

ಗರಿಯ ಕಥೆ ಬೇರೆ. ಹೇಂಟೆಯ ಅಂಡಾಶಯದಿಂದ ಬರುವ ರಸವೇ ಗರಿಯ ತುದಿಯನ್ನು ದುಂಡಗೆ ಮಾಡುತ್ತದೆ. ಆ ರಸವಿಲ್ಲದೆ ಹೋದರೆ ಗರಿಗಳು ಹುಂಜದ ಗರಿಗಳಂತೆಯೇ ಚೂಪಾಗಿ ಬೆಳೆಯುತ್ತವೆ. ಆದುದರಿಂದಲೇ ಬೀಜ ತೆಗೆದ ಹುಂಜ ಜುಟ್ಟನ್ನು ಕಳೆದುಕೊಂಡರೂ ತನ್ನ ಗರಿಗಳನ್ನು ಕಳೆದುಕೊಳ್ಳುವುದಿಲ್ಲ.

ನಡೆ, ಕೂಗು, ಕಾಲಮುಳ್ಳು

ಗಂಡುಮರಿಯ ಕಾಲು ದಪ್ಪ, ನಿಲುವು ನೆಟ್ಟಗೆ, ತಲೆ ದೊಡ್ಡದು. ಎದುರಾದ ಮರಿಯೊಡನೆ ಎದೆಗೆ ಎದೆ ಕೊಟ್ಟು ನಿಲ್ಲುತ್ತದೆ. ಇವು ಪೂರಕ ಗುರುತುಗಳು ಮಾತ್ರ. ಮೇಲಿನ ನೆಂಟರ ಪ್ರಸಂಗದಲ್ಲಿ ನನ್ನ ತಾಯಿಯನ್ನು ಮೋಸಗೊಳಿಸಿದ್ದು ಇದೇ ನಡೆ. ಜಗಳಗಂಟಿ ಹೆಣ್ಣುಮರಿಗಳೂ ಇವೆ, ಮುದುಡಿ ಕೂರುವ ಗಂಡುಗಳೂ ಇವೆ.

ಕೂಗು ಸಾಮಾನ್ಯವಾಗಿ ಮೂರನೆಯ ನಾಲ್ಕನೆಯ ತಿಂಗಳಲ್ಲಿ ಬರುತ್ತದೆ. ಕೆಲವು ಎರಡನೆಯ ತಿಂಗಳಲ್ಲಿಯೇ ಒಡಕು ದನಿಯಲ್ಲಿ ಪ್ರಯತ್ನಿಸುವುದುಂಟು. ಆದರೆ ಕೂಗದ ಮಾತ್ರಕ್ಕೆ ಹೇಂಟೆಯೆಂದು ನಂಬಲಾಗದು. ಹುಂಜಗಳಲ್ಲಿ ಹಿರಿತನದ ಕ್ರಮವಿದೆ. ಬೆಳಗ್ಗೆ ಮೊದಲು ಕೂಗುವ ಹಕ್ಕು ಗುಂಪಿನ ಯಜಮಾನನದು, ಉಳಿದವು ಅದರ ತರುವಾಯ ಅಂತಸ್ತಿಗೆ ತಕ್ಕಂತೆ ಕೂಗುತ್ತವೆ ಎಂಬುದನ್ನು 2015ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ದೊಡ್ಡ ಹುಂಜವಿರುವ ಹಿತ್ತಲಿನಲ್ಲಿ ಎಳೆಯ ಹುಂಜ ಬಾಯಿ ಮುಚ್ಚಿಕೊಂಡಿರುವುದು ಸಾಧ್ಯ.

ಕಾಲಮುಳ್ಳನ್ನು ನೋಡಿ ಹೇಳುತ್ತೇನೆಂಬವರೂ ಜಾಗ್ರತೆಯಾಗಿರಬೇಕು. ಎಳವೆಯಲ್ಲಿ ಎರಡಕ್ಕೂ ಅಲ್ಲೊಂದು ಗುಬಟು ಇರುತ್ತದೆ. ಹುಂಜದಲ್ಲಿ ಅದು ತಿಂಗಳುಗಳ ತರುವಾಯ ಮುಳ್ಳಾಗಿ ಬೆಳೆಯುತ್ತದೆ. ಕೆಲವು ಮುದಿ ಹೇಂಟೆಗಳಿಗೂ ಮುಳ್ಳು ಬರುವುದುಂಟು.

ಮೊಟ್ಟೆಗೆ ಸಿದ್ಧವಾದ ಹೇಂಟೆ

ಮೊಟ್ಟೆಯ ತಳಿಯ ಹೇಂಟೆ ಐದನೆಯ ತಿಂಗಳ ಸುಮಾರಿಗೆ ಮೊಟ್ಟೆಯಿಡುತ್ತದೆ; ನಾಟಿ ಹೇಂಟೆ ಆರೇಳು ತಿಂಗಳು ತೆಗೆದುಕೊಳ್ಳುತ್ತದೆ. ಆ ಕಾಲ ಬಂದಾಗ ಹೇಂಟೆಯ ಜುಟ್ಟೂ ಕೆಂಪಾಗಿ ಅರಳುತ್ತದೆ. ಜುಟ್ಟು ಕೆಂಪಾಯಿತೆಂದು ಈ ಹಂತದಲ್ಲಿ ಹುಂಜವೆಂದು ತಿಳಿದು ಮಾರಿದವರು ಎಷ್ಟೋ ಜನ. ತಡವಾಗಿ ಕೆಂಪಾದ ಜುಟ್ಟು, ದುಂಡನೆಯ ಗರಿ, ಇವೆರಡೂ ಕೂಡಿದರೆ ಅದು ಮೊಟ್ಟೆಗೆ ಸಿದ್ಧವಾದ ಹೇಂಟೆ. ಬೆನ್ನ ಮೇಲೆ ಕೈಯಿಟ್ಟರೆ ಅದು ರೆಕ್ಕೆ ಸ್ವಲ್ಪ ಅಗಲಿಸಿ ನೆಲಕ್ಕೆ ಕುಗ್ಗಿ ಕೂರುತ್ತದೆ. ಮೂಲೆಮೂಲೆಗಳಲ್ಲಿ ಗೂಡು ಹುಡುಕುತ್ತದೆ. ಗುದದ್ವಾರದ ಎರಡು ಪಕ್ಕಗಳಲ್ಲಿರುವ ಚೂಪಾದ ಎಲುಬುಗಳ ನಡುವೆ ಮೊದಲು ಒಂದು ಬೆರಳಷ್ಟೇ ಹಿಡಿಸುತ್ತಿದ್ದರೆ ಈಗ ಎರಡು, ಮೂರು ಬೆರಳು ಹಿಡಿಸುತ್ತದೆ. ಕೊಯ್ಯುವ ಮೊದಲು ಈ ಒಂದು ಪರೀಕ್ಷೆಯನ್ನು ಮಾಡಿದ್ದರೆ ನಮ್ಮ ಮನೆಯ ಆ ಹೇಂಟೆ ಬದುಕುತ್ತಿತ್ತು.

ಹೇಂಟೆ ಕೂಗಿದರೆ

ಹೇಂಟೆ ಕೂಗುವುದು ಮನೆಗೆ ಕೇಡೆಂಬ ನಂಬಿಕೆ ನಮ್ಮಲ್ಲಿದೆ. ಅಂತಹ ಹೇಂಟೆಯನ್ನು ಆ ದಿನವೇ ಕೊಂದುಬಿಡುವವರೂ ಇದ್ದಾರೆ. ಇದು ನಮ್ಮೊಬ್ಬರ ದೌರ್ಬಲ್ಯವಲ್ಲ. 1474ರಲ್ಲಿ ಯುರೋಪಿನ ಬಾಸೆಲ್ ನಗರದಲ್ಲಿ ಮೊಟ್ಟೆಯಿಟ್ಟಿತೆಂಬ ಅಪರಾಧಕ್ಕಾಗಿ ಒಂದು ‘ಹುಂಜ’ವನ್ನು ವಿಚಾರಣೆಗೆ ಗುರಿಪಡಿಸಿ ಜನರ ಮುಂದೆ ಸುಟ್ಟರು. ಅದು ಬಹುಶಃ ಹುಂಜದ ರೂಪ ತಾಳಿದ ಹೇಂಟೆಯಾಗಿತ್ತು.

ಕಾರಣ ಸರಳವಾಗಿದೆ. ಹೇಂಟೆಯಲ್ಲಿ ಎಡಭಾಗದ ಅಂಡಾಶಯವೊಂದೇ ಕೆಲಸ ಮಾಡುವಂತಹುದು. ಮುಪ್ಪಿನಿಂದಲೋ ರೋಗದಿಂದಲೋ ಅದು ಕೆಟ್ಟರೆ ಗರಿಗಳನ್ನು ದುಂಡಗೆ ಮಾಡುವ ರಸ ನಿಲ್ಲುತ್ತದೆ. ಮುಂದಿನ ಗರಿ ಉದುರುವಿಕೆಯ ಅನಂತರ ಹುಂಜದ ಗರಿಗಳು ಬರುತ್ತವೆ. ಕೆಲವೊಮ್ಮೆ ಜುಟ್ಟು ಬೆಳೆದು ಕೂಗನ್ನೂ ಕಲಿಯುತ್ತದೆ. ಹುಂಜವೇ ಇಲ್ಲದ ಹಿತ್ತಲಿನಲ್ಲಿ ಆರೋಗ್ಯವಂತ ಹಿರಿಯ ಹೇಂಟೆಯೊಂದು ಯಜಮಾನಿಕೆ ವಹಿಸಿ ಕೂಗುವುದೂ ಉಂಟು. ಇದರಲ್ಲಿ ಶಕುನವೇನೂ ಇಲ್ಲ. ಮನೆಯ ಭಾರವನ್ನು ಹೊತ್ತ ಹೆಣ್ಣು ದನಿಯೆತ್ತಿದರೆ ಕೇಡೆಂದು ಹೇಳುವ ಕಾಲವೂ ಹೋಗಬೇಕಲ್ಲವೇ?

ಕೊನೆಯ ಮಾತು

ನಾಟಿಕೋಳಿಯ ಕಾವಿನಲ್ಲಿ ಗಂಡು ಹೆಣ್ಣು ಸರಿಸುಮಾರು ಸಮನಾಗಿಯೇ ಹುಟ್ಟುತ್ತವೆ. ಹತ್ತು ಮರಿಗಳಲ್ಲಿ ಐದು ಹುಂಜಗಳಾದರೆ ಅದು ದುರದೃಷ್ಟವಲ್ಲ, ನಿಯಮ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಉಳಿದವುಗಳನ್ನು ಮೂರನೆಯ ತಿಂಗಳಲ್ಲಿ ಗುರುತಿಸಿ ಬೇರೆಮಾಡಿದರೆ ಮೇವು ಉಳಿಯುತ್ತದೆ, ಹೇಂಟೆಗಳಿಗೆ ಕಾಟ ತಪ್ಪುತ್ತದೆ. ಆರು ವಾರಕ್ಕೆ ಜುಟ್ಟು, ಎಂಟು ವಾರಕ್ಕೆ ಎದೆಯ ಬಣ್ಣ, ಹನ್ನೆರಡು ವಾರಕ್ಕೆ ಸೊಂಟದ ಗರಿ. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ನೆರೆಮನೆಯ ಅಕ್ಕ ಒಂಬತ್ತು ಹುಂಜಗಳನ್ನು ಮಾರಿ ಬಂದ ಹಣದಲ್ಲಿ ಮತ್ತೆ ಬಣ್ಣದ ಮರಿಗಳನ್ನು ಕೊಳ್ಳಲಿಲ್ಲ. ನನ್ನ ತಾಯಿಯೊಡನೆ ಹೋಗಿ, ಮೂರು ತಿಂಗಳು ತುಂಬಿದ ಐದು ನಾಟಿಮರಿಗಳನ್ನು ಒಂದೊಂದಾಗಿ ಎತ್ತಿ, ಸೊಂಟದ ಗರಿ ಬಿಡಿಸಿ ನೋಡಿ ತಂದರು. ಮಾರುವವನು, “ಏನಮ್ಮಾ, ಸೀರೆಯ ಸೆರಗು ನೋಡುವ ಹಾಗೆ ನೋಡುತ್ತೀರಲ್ಲ?” ಎಂದು ಕೇಳಿದನಂತೆ. ಐದೂ ಹೇಂಟೆಗಳಾದವು. ಆ ವರ್ಷ ಶಾಲೆ ತೆರೆಯುವ ಮೊದಲ ವಾರ ಅಕ್ಕ ಒಂದು ಕುಕ್ಕೆಯಲ್ಲಿ ಹೊಟ್ಟಿನ ನಡುವೆ ಆರು ಮೊಟ್ಟೆಗಳನ್ನಿಟ್ಟು ನಮ್ಮ ಮನೆಗೆ ತಂದುಕೊಟ್ಟರು. ತಾಯಿ ಅವುಗಳನ್ನು ಅಡುಗೆಗೆ ಬಳಸಲಿಲ್ಲ. ನಮ್ಮ ಕಾವಿನ ಹೇಂಟೆಯ ಕೆಳಗೆ ಇಟ್ಟರು.